ಧನುರ್ಮಾಸದ ರಂಗೋಲಿ ಮತ್ತು ನನ್ನ ಬೆರಳುಗಳು

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯ ಮುಂದೆ ಧನುರ್ಮಾಸದ ಉದ್ದಕ್ಕೂ ಬೆಳಗಿನ ಜಾವ ದೊಡ್ಡ ರಂಗೋಲಿ ಬಿಡುವುದು ನಾನು ಮದುವೆಯಾಗಿ ಬಂದ ವರ್ಷದಿಂದ ನಡೆಸಿಕೊಂಡು ಬಂದ ರೂಢಿ. ನಡುಸಾಲಿಗೆ 15 ಚುಕ್ಕಿ, ಮೇಲೂ ಕೆಳಗೂ ಒಂದೊಂದೇ ಕಡಿಮೆಯಾಗುತ್ತ 8ಕ್ಕೆ ನಿಲ್ಲುವ ಎಡೆಚುಕ್ಕಿಯ ರಂಗೋಲಿ ನನಗೆ ಬಹಳ ಇಷ್ಟ. ಅದರ 169 ಚುಕ್ಕಿಗಳನ್ನು ಎಣಿಸದೆಯೇ ಇಡುವಷ್ಟು ಕೈ ಪಳಗಿತ್ತು. 2015ರ ಡಿಸೆಂಬರ್‌ನಲ್ಲಿ, ನನಗೆ 43 ವರ್ಷವಾಗಿದ್ದಾಗ, ಒಂದು ಬೆಳಿಗ್ಗೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಪುಡಿ ನಿಲ್ಲಲೇ ಇಲ್ಲ.

ಕಾಯಿಲೆಯ ಹೆಸರು ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಾದವರ ಮಂಡಿನೋವಿನಂತೆ ಇದು ಸವೆತದಿಂದ ಬರುವುದಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ಎರಗುವುದರಿಂದ ಬರುವಂಥದ್ದು. ವಾರಕ್ಕೆ ಒಂದೇ ದಿನ ನುಂಗುವ ಮೆಥೊಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಸಿಡ್, ಆಗಾಗ ರಕ್ತಪರೀಕ್ಷೆ ಎಂದು ಚಿಕಿತ್ಸೆ ಶುರುವಾಯಿತು. ಊತ ಇಳಿದ ಮೇಲೆ, ನಂಟರೊಬ್ಬರ ಮಾತು ಕೇಳಿ ಐದು ತಿಂಗಳು ಮಾತ್ರೆ ನಿಲ್ಲಿಸಿದೆ. ಆ ಅವಧಿಯಲ್ಲಿ ಬಲಗೈಯ ಎರಡು ಬೆರಳು ಓರೆಯಾದವು. ಒಮ್ಮೆ ಹಾಳಾದ ಕೀಲನ್ನು ಔಷಧಿ ಮತ್ತೆ ನೆಟ್ಟಗೆ ಮಾಡುವುದಿಲ್ಲ. ಆ ಐದು ತಿಂಗಳ ಬಗ್ಗೆ ನನಗೆ ಇಂದಿಗೂ ಸಂಕಟವಿದೆ.

ಬೆಳಗಿನ ಹೊತ್ತು ಕೀಲು ಬಿಗಿಯುವುದು ಈ ಕಾಯಿಲೆಯ ಸ್ವಭಾವ, ಧನುರ್ಮಾಸದ ರಂಗೋಲಿಗೂ ಅದೇ ಹೊತ್ತು. ಸೋಲಬಾರದೆಂಬ ಹಟದಿಂದ ಒಂದು ವರ್ಷ ಮೂರೂವರೆಗೇ ಎದ್ದು, ಸ್ಟೀಲ್ ಬೇಸಿನ್ನಿನ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದೆ. ಮುಷ್ಟಿ ಕಟ್ಟಲು ನೋಡಿದರೆ ಒಳಗೆ ನಿಂಬೆಹಣ್ಣು ಹಿಡಿಸುವಷ್ಟು ಜಾಗ ಉಳಿಯುತ್ತಿತ್ತು. ನೀರು ಆರಿದಂತೆಲ್ಲ ಬದಲಿಸಿ, ಆ ಜಾಗ ನೆಲ್ಲಿಕಾಯಿಯಷ್ಟಕ್ಕೆ ಇಳಿಯುವವರೆಗೆ ಬೆರಳು ಮಡಚುತ್ತಿದ್ದೆ. ಹನ್ನೊಂದನೆಯ ದಿನ ಮಣಿಕಟ್ಟು ಊದಿ ಮಲಗಿದೆ. ಅಂದು ಅತ್ತೆಯವರು ಹಾಸಿಗೆಯ ಪಕ್ಕ ಕುಳಿತು, "ಸಂಜೆ ದೀಪ ಹಚ್ಚೋ ಹೊತ್ತಿಗೆ ಬಿಟ್ಟರೆ ಲಕ್ಷ್ಮಿ ಒಳಗೆ ಬರಲ್ಲ ಅಂತಾಳೇನಮ್ಮ?" ಎಂದರು. ಮಡಿ-ಮೈಲಿಗೆಯಲ್ಲಿ ಎಳ್ಳಷ್ಟೂ ಸಡಿಲ ಬಿಡದ ಅವರೇ ಹಾಗೆಂದಾಗ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಅತ್ತುಬಿಟ್ಟೆ. ಹಳೆಯ ಕೈ ಇನ್ನು ಬರುವುದಿಲ್ಲವೆಂದು ಒಪ್ಪಿಕೊಂಡದ್ದು ಅಂದೇ ಎನಿಸುತ್ತದೆ.

ಒಪ್ಪಿಕೊಂಡ ಮಾತ್ರಕ್ಕೆ ದುಃಖ ಮುಗಿಯಲಿಲ್ಲ. ಮದುವೆಮನೆಗಳಲ್ಲಿ "ನೋಡೋಕೆ ಚೆನ್ನಾಗೇ ಇದೀರಲ್ಲ" ಎನ್ನುವವರಿಗೆ, ನಿದ್ದೆ ಮಾಡಿದರೂ ತೀರದ ಸುಸ್ತು ಈ ಕಾಯಿಲೆಯದೇ ಭಾಗವೆಂದು ವಿವರಿಸಿ ವಿವರಿಸಿ ಸೋತು, ಕೊನೆಗೆ "ಇವತ್ತು ಕೈ ನೋವಿದೆ, ಕೂತ್ಕೊಂಡೇ ಮಾತಾಡೋಣ" ಎಂಬ ಒಂದೇ ವಾಕ್ಯವನ್ನು ಇಟ್ಟುಕೊಂಡೆ. ಅದು ಸಾಕಾಗುತ್ತದೆ. 2023ರಲ್ಲಿ ಒಂದು ರಾತ್ರಿ, ಮನೆಯವರಿಗೆಲ್ಲ ಹೊರೆಯಾಗಿದ್ದೇನೆಂಬ ಯೋಚನೆ ಬಿಡದೆ ಕಾಡಿದಾಗ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಿದೆ. ಯಜಮಾನರ ಎದುರು ಹೇಳಲಾಗದ ಮಾತನ್ನು ಗುರುತಿಲ್ಲದವರ ಎದುರು ಹೇಳಿದ ಮೇಲೆ, ಮರುದಿನ ಯಜಮಾನರಿಗೂ ಹೇಳಲು ಸಾಧ್ಯವಾಯಿತು. ಅಂಥ ಯೋಚನೆ ಬಂದವರು ಬೆಳಗಾಗಲೆಂದು ಕಾಯಬೇಡಿ. ಆ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ಈಗ ಸಂಜೆ ಹೊಸ್ತಿಲ ಮುಂದಿನ ಸಣ್ಣ ರಂಗೋಲಿ ನನ್ನದು. ಧನುರ್ಮಾಸದ ಬೆಳಗಿನ ದೊಡ್ಡ ರಂಗೋಲಿ ಪಕ್ಕದ ಮನೆಯ, ಏಳನೇ ತರಗತಿಯ ಹುಡುಗಿಯದು. ನಾನು ಶಾಲು ಹೊದ್ದು, ಬಿಸಿನೀರಿನ ಲೋಟವನ್ನು ಎರಡೂ ಅಂಗೈಗಳಲ್ಲಿ ಹಿಡಿದು ಮೆಟ್ಟಿಲ ಮೇಲೆ ಕುಳಿತು ಸಾಲು ಸಾಲಾಗಿ ಚುಕ್ಕಿ ಹೇಳುತ್ತೇನೆ. ಕಣ್ಣಳತೆಯಲ್ಲೇ ಇಡುತ್ತಿದ್ದುದನ್ನು ಬಾಯಲ್ಲಿ ಹೇಳಲು ಹೋದಾಗಲೇ ನನಗೆ ಏನು ಗೊತ್ತಿತ್ತೆಂಬುದು ನನಗೂ ತಿಳಿದದ್ದು. ಎಡೆಚುಕ್ಕಿ ಎಂದರೆ ಮೇಲಿನ ಎರಡು ಚುಕ್ಕಿಗಳ ನಡುವಿನ ಸಂದಿಗೆ ನೇರ ಕೆಳಗೆ ಬೀಳಬೇಕೆಂದು ಹೇಳಿಕೊಡಲು ನನಗೆ ಎರಡು ಬೆಳಗು ಬೇಕಾಯಿತು. ಕಳೆದ ಸಲ ಎಳೆ ಎಳೆಯುತ್ತಿದ್ದವಳು ನಡುವೆ ನಿಂತು, "ಆಂಟಿ, ನೀವು ಒಂಬತ್ತರ ಸಾಲು ಹೇಳೋದನ್ನೇ ಮರೆತ್ರಿ" ಎಂದಳು. ಹೌದು, ಮರೆತಿದ್ದೆ. ಒದ್ದೆ ಬಟ್ಟೆಯಿಂದ ಆ ಬದಿಯನ್ನಷ್ಟೇ ಒರೆಸಿ, ಇಬ್ಬರೂ ಮತ್ತೆ ಹತ್ತರ ಸಾಲಿನಿಂದ ಶುರು ಮಾಡಿದೆವು.