ದೊಡ್ಡ ಕಂಪ್ರೆಸರ್ ಬೇಕು ಅಂದಾಗ ನಾವು ಮೊದಲು ಮಾಡುವ ಕೆಲಸ

ನಮ್ಮದು ಕೆಲವೇ ಜನ ಸೇರಿ ನಡೆಸುವ ಎಂಜಿನಿಯರಿಂಗ್ ಸಂಸ್ಥೆ. ಕೋಲ್ಡ್ ಸ್ಟೋರೇಜ್, ಡೈರಿ, ಐಸ್ ಪ್ಲಾಂಟ್ ಇಂಥ ಕಡೆ ಕೂಲಿಂಗ್ ಸಿಸ್ಟಮ್ ಡಿಸೈನ್ ಮಾಡುತ್ತೇವೆ, ಈಗಾಗಲೇ ಇರುವುದರ ಕರೆಂಟ್ ಖರ್ಚು ಇಳಿಸಿ ಕೊಡುತ್ತೇವೆ. ಬರುವ ಫೋನ್‌ಗಳಲ್ಲಿ ಹೆಚ್ಚಿನವು ಒಂದೇ ಥರ: "ಸಾರ್, ಕೂಲಿಂಗ್ ಸಾಲ್ತಿಲ್ಲ, ದೊಡ್ಡ ಕಂಪ್ರೆಸರ್ ಹಾಕಿಕೊಡಿ." ನಾವು ರೇಟ್ ಹೇಳುವುದಿಲ್ಲ. ಮೊದಲು ಮೀಟರ್ ಹಾಕಿ ಅಳೆಯುತ್ತೇವೆ.

ಯಾಕೆ ಅಂದ್ರೆ, ಈ ಯಂತ್ರ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ, ಅಷ್ಟೇ. ಬಾವಿ ಆಳವಾದಷ್ಟೂ ನೀರು ಸೇದುವವರಿಗೆ ಕೆಲಸ ಜಾಸ್ತಿ ಅಲ್ವಾ, ಹಾಗೇ ಕೋಣೆಯ ಶಾಖ ಹೀರುವ ಒಳಗಿನ ಕಾಯಿಲ್‌ಗೂ ಅದನ್ನು ಗಾಳಿಗೆ ಬಿಡುವ ಹೊರಗಿನ ಕಂಡೆನ್ಸರ್‌ಗೂ ನಡುವಿನ ತಾಪಮಾನದ ಅಂತರ ಹೆಚ್ಚಿದಷ್ಟೂ ಕಂಪ್ರೆಸರ್ ಹೆಚ್ಚು ಕರೆಂಟ್ ತಿನ್ನುತ್ತದೆ. ಈ ಅಂತರದಲ್ಲಿ ಒಂದೊಂದು ಡಿಗ್ರಿ ಕಡಿಮೆ ಮಾಡಿದರೂ ಸುಮಾರು ಶೇ. 2ರಿಂದ 3ರಷ್ಟು ಉಳಿತಾಯ. ಹತ್ತು ಡಿಗ್ರಿ ಇಳಿಸಲು ಸಾಧ್ಯವಾದರೆ ಬಿಲ್ ಎಲ್ಲಿಗೆ ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಅಳೆಯುವುದು ಅಂದರೆ ಗೇಜ್ ಹಾಕಿ ಒಂದು ಸಲ ನೋಡಿ ಬರುವುದಲ್ಲ. ಸಕ್ಷನ್ ಪ್ರೆಶರ್ (ಪೈಪುಗಳಲ್ಲಿ ಸುತ್ತಿ ಶಾಖ ಹೊರುವ ಗ್ಯಾಸ್ ಕಾಯಿಲ್‌ನಿಂದ ಕಂಪ್ರೆಸರ್‌ಗೆ ಬರುವಾಗಿನ ಒತ್ತಡ), ಡಿಸ್ಚಾರ್ಜ್ ಪ್ರೆಶರ್ (ಅದೇ ಗ್ಯಾಸ್ ಕಂಪ್ರೆಸರ್‌ನಿಂದ ಕಂಡೆನ್ಸರ್‌ಗೆ ಹೋಗುವಾಗಿನ ಒತ್ತಡ), ಕೋಣೆಯ ತಾಪಮಾನ, ಹೊರಗಿನ ಗಾಳಿಯ ತಾಪಮಾನ, ಕಂಪ್ರೆಸರ್ ಎಳೆಯುವ ಕಿಲೋವ್ಯಾಟ್, ಇಷ್ಟನ್ನೂ ತಾನಾಗಿಯೇ ಬರೆದಿಡುವ ಲಾಗರ್‌ಗೆ ಕೊಟ್ಟು ಹಗಲು ರಾತ್ರಿ ಬಿಡುತ್ತೇವೆ. ರಜೆ ದಿನವೂ ಅದರಲ್ಲಿ ಸೇರಬೇಕು. ಬಾಗಿಲು ತೆಗೆಯದ ದಿನದ ಗ್ರಾಫ್ ಬೇರೆಯೇ ಕಥೆ ಹೇಳುತ್ತದೆ.

ಆ ಗ್ರಾಫ್‌ನಲ್ಲಿ ನಾನು ಮೊದಲು ಹುಡುಕುವುದು ಡಿಸ್ಚಾರ್ಜ್ ಪ್ರೆಶರ್‌ನ ಗೆರೆಯನ್ನು. ಈ ಪ್ರೆಶರ್ ಏರಿದರೆ ಕಂಡೆನ್ಸರ್ ತಾಪಮಾನವೂ ಏರಿದೆ, ಅಂದರೆ ಬಾವಿ ಆಳವಾಗಿದೆ ಅಂತ ಅರ್ಥ. ಎಷ್ಟೋ ಕಡೆ ಅದು ಮಟ್ಟಗೋಲು ಇಟ್ಟು ಎಳೆದ ಹಾಗೆ ನೇರವಾಗಿರುತ್ತದೆ. ಮಧ್ಯಾಹ್ನ ಹೊರಗೆ 36 ಡಿಗ್ರಿ ಇದ್ದಾಗ ಎಷ್ಟೋ, ಬೆಳಗಿನ ಜಾವ 18 ಡಿಗ್ರಿ ಇದ್ದಾಗಲೂ ಅಷ್ಟೇ. ಹೊರಗೆ ತಣ್ಣನೆ ಗಾಳಿ ಪುಕ್ಕಟೆ ಬೀಸುತ್ತಿದೆ, ಇಲ್ಲಿ ಕಂಡೆನ್ಸರ್ ಫ್ಯಾನ್‌ಗಳು ಆಫ್ ಆಗಿ ಪ್ರೆಶರ್ ಬೀಳದ ಹಾಗೆ ಕಾಯುತ್ತಿವೆ! ಇದನ್ನು ನೋಡಿದಾಗ ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ. ಹೀಗೆ ಸೆಟ್ ಮಾಡಲು ಒಂದು ಕಾರಣವೂ ಇದೆ. ಕಾಯಿಲ್‌ಗೆ ಎಷ್ಟು ಗ್ಯಾಸ್ ಹೋಗಬೇಕು ಅಂತ ನಿಯಂತ್ರಿಸುವ ಹಳೆಯ ಥರ್ಮೋಸ್ಟ್ಯಾಟಿಕ್ ಎಕ್ಸ್‌ಪಾನ್ಶನ್ ವಾಲ್ವ್‌ಗೆ ಎರಡು ಬದಿಯ ಪ್ರೆಶರ್‌ನಲ್ಲಿ ಒಳ್ಳೆಯ ಅಂತರ ಬೇಕು, ಇಲ್ಲದಿದ್ದರೆ ಕಾಯಿಲ್‌ಗೆ ಸಾಕಷ್ಟು ಗ್ಯಾಸ್ ಬಿಡುವುದಿಲ್ಲ. ಅದಕ್ಕೇ ಸುಮ್ನೆ ಹೋಗಿ ಸೆಟ್ಟಿಂಗ್ ಇಳಿಸಿ ಬರಬಾರದು. ಎಲೆಕ್ಟ್ರಾನಿಕ್ ಎಕ್ಸ್‌ಪಾನ್ಶನ್ ವಾಲ್ವ್ ಹಾಕಿ, ಲಿಕ್ವಿಡ್ ಲೈನ್‌ನಲ್ಲಿ (ದ್ರವವಾದ ಗ್ಯಾಸ್ ವಾಲ್ವ್‌ಗೆ ಹೋಗುವ ಪೈಪು) ಗುಳ್ಳೆ ಏಳುತ್ತಿಲ್ಲ ಅಂತ ಸೈಟ್ ಗ್ಲಾಸ್ ಅನ್ನುವ ಗಾಜಿನ ಕಿಂಡಿಯಲ್ಲಿ ನೋಡಿಕೊಂಡು, ಆಮೇಲೆ ಹೊರಗಿನ ಗಾಳಿ ತಣಿದ ಹಾಗೆ ಪ್ರೆಶರ್ ಕೂಡ ಇಳಿಯುವಂತೆ ಕಂಟ್ರೋಲರ್ ಹೊಂದಿಸಬೇಕು. ಫ್ಯಾನ್‌ಗಳಿಗೆ ವೇಗ ಬದಲಿಸುವ ಡ್ರೈವ್ ಹಾಕಿದರೆ ಇನ್ನೂ ಒಳ್ಳೆಯದು. ಫ್ಯಾನಿನ ವೇಗ ಶೇ. 80ಕ್ಕೆ ಇಳಿದರೆ ಅದು ಎಳೆಯುವ ಕರೆಂಟ್ ಹೆಚ್ಚುಕಡಿಮೆ ಅರ್ಧ ಆಗುತ್ತದೆ.

ಪ್ರೆಶರ್ ಜಾಸ್ತಿ ಇರಲು ಇನ್ನೊಂದು ಕಾರಣ, ಸಿಸ್ಟಮ್ ಒಳಗೆ ಗಾಳಿ ಸೇರಿರುವುದು. ಇದನ್ನು ಕಂಡುಹಿಡಿಯುವ ವಿಧಾನ ನನಗೆ ತುಂಬಾ ಇಷ್ಟ. ಕಂಪ್ರೆಸರ್ ನಿಲ್ಲಿಸಿ, ಕಂಡೆನ್ಸರ್ ಫ್ಯಾನ್ ಮಾತ್ರ ಓಡಿಸುತ್ತಾ ಇರಬೇಕು. ಒಳಗೆ ಹೋಗುವ ಗಾಳಿ, ಹೊರಗೆ ಬರುವ ಗಾಳಿ, ಕಂಡೆನ್ಸರ್ ಪೈಪು ಮೂರೂ ಒಂದೇ ತಾಪಮಾನಕ್ಕೆ ಬಂದ ಮೇಲೆ ಗೇಜ್ ಓದಿ, ಆ ತಾಪಮಾನಕ್ಕೆ ಆ ಗ್ಯಾಸ್‌ನ ಟೇಬಲ್‌ನಲ್ಲಿರುವ ಪ್ರೆಶರ್ ಜೊತೆ ಹೋಲಿಸಬೇಕು. ಆರ್-134ಎ ಅನ್ನುವ ಗ್ಯಾಸ್ ಆದರೆ 30 ಡಿಗ್ರಿಗೆ ಗೇಜ್ ಸುಮಾರು 6.7 ಬಾರ್ ತೋರಿಸಬೇಕು. 8 ತೋರಿಸಿದರೆ ಒಳಗೆ ಗಾಳಿ ಇದೆ ಅಂತ ಅರ್ಥ. ಅಂಥ ಸಿಸ್ಟಮ್‌ಗೆ "ಗ್ಯಾಸ್ ಕಮ್ಮಿ ಆಗಿದೆ" ಅಂತ ಇನ್ನಷ್ಟು ಗ್ಯಾಸ್ ತುಂಬಿಸಿ ಹೋಗುವವರನ್ನು ನೋಡಿದ್ದೇನೆ.

ಇನ್ನು ಫ್ರೀಜರ್ ಕೋಣೆಗಳಲ್ಲಿ ಡಿಫ್ರಾಸ್ಟ್, ಅಂದರೆ ಕಾಯಿಲ್ ಮೇಲೆ ಕಟ್ಟಿದ ಮಂಜನ್ನು ಹೀಟರ್‌ನಿಂದ ಕರಗಿಸುವುದು. ಹೀಟರ್ ಟೈಮರ್ ಮೇಲೆ ನಡೆಯುತ್ತಿದ್ದರೆ ಮಂಜು ಇದ್ದರೂ ಇಲ್ಲದಿದ್ದರೂ ಬಿಸಿಯಾಗುತ್ತದೆ, ಆ ಶಾಖದಲ್ಲಿ ದೊಡ್ಡ ಪಾಲು ಕೋಣೆಗೇ ಬರುತ್ತದೆ, ಅದನ್ನು ಮತ್ತೆ ಕಂಪ್ರೆಸರ್ ಎತ್ತಿ ಹಾಕಬೇಕು. ಕಾಯಿಲ್‌ಗೆ ಒಂದು ಸೆನ್ಸರ್ ಕಟ್ಟಿ, ಮಂಜು ಕರಗಿದ ಕೂಡಲೇ ಹೀಟರ್ ನಿಲ್ಲುವಂತೆ ಮಾಡಿದರೆ ಸಾಕು. ಬಾಗಿಲಿನ ರಬ್ಬರ್ ಬಗ್ಗೆ ನಾನು ಹೇಳಬೇಕಾಗಿಲ್ಲ.

ಡೈರಿಗಳಲ್ಲಿ ಮಾತ್ರ ನಾವು ಕಂಡೆನ್ಸರ್‌ನಿಂದ ಹೊರಗೆ ಹೋಗುವ ಶಾಖವನ್ನೂ ಬಿಡುವುದಿಲ್ಲ. ಸಾವಿರ ಲೀಟರ್ ಹಾಲನ್ನು 35ರಿಂದ 4 ಡಿಗ್ರಿಗೆ ಇಳಿಸಲು ಸುಮಾರು 35 ಯೂನಿಟ್‌ನಷ್ಟು (ಕಿಲೋವ್ಯಾಟ್-ಅವರ್) ಶಾಖ ತೆಗೆಯಬೇಕು. ಒಂದು ಕಡೆ ಅದನ್ನು ಗಾಳಿಗೆ ಊದುತ್ತಾರೆ, ಪಕ್ಕದಲ್ಲೇ ಕ್ಯಾನ್ ತೊಳೆಯಲು ಬಾಯ್ಲರ್ ಉರಿಸುತ್ತಾರೆ! ಕಂಪ್ರೆಸರ್‌ನಿಂದ ಹೊರಡುವ ಬಿಸಿ ಗ್ಯಾಸ್ ದಾರಿಯಲ್ಲಿ ಒಂದು ಹೀಟ್ ಎಕ್ಸ್‌ಚೇಂಜರ್ ಕೂರಿಸಿದರೆ 50–60 ಡಿಗ್ರಿಯ ನೀರು ಸಿಗುತ್ತದೆ. ಎಲ್ಲಾ ಶಾಖವೂ ಅಷ್ಟು ಬಿಸಿಯಲ್ಲಿ ಸಿಗುವುದಿಲ್ಲ, ಹೆಚ್ಚಿನದು ಉಗುರು ಬೆಚ್ಚಗಿನ ನೀರಿಗಷ್ಟೇ ಸರಿ. ನೀರು ಇನ್ನೂ ಬಿಸಿಯಾಗಲಿ ಅಂತ ಡಿಸ್ಚಾರ್ಜ್ ಪ್ರೆಶರ್ ಏರಿಸಲು ಕೇಳುವವರಿದ್ದಾರೆ. ಬಾಯ್ಲರ್‌ನಲ್ಲಿ ಉಳಿಯುವುದೆಷ್ಟು, ಕಂಪ್ರೆಸರ್ ಹೆಚ್ಚಿಗೆ ತಿನ್ನುವುದೆಷ್ಟು ಅಂತ ಕಾಗದದ ಮೇಲೆ ಬರೆದು ತೋರಿಸಿದ ಮೇಲೆಯೇ ನಾನು ಒಪ್ಪುವುದು.

ಇಷ್ಟೆಲ್ಲಾ ಮಾಡಿದ ಮೇಲೂ ಹೊಸ ಯಂತ್ರ ಬೇಕೇ ಬೇಕು ಅಂತಾದರೆ ಯಾವ ಗ್ಯಾಸ್ ಅನ್ನುವ ಪ್ರಶ್ನೆ. ಆರ್-404ಎ ಅನ್ನುವ ಗ್ಯಾಸ್‌ಗೆ ನಾವು ಹೊಸದಾಗಿ ಡಿಸೈನ್ ಮಾಡುವುದಿಲ್ಲ. ಅದರ ಒಂದು ಕಿಲೋ ಸೋರಿದರೆ ಸುಮಾರು 3,900 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಬಿಸಿಯಾಗುತ್ತದೆ. ಇಂಥ ಗ್ಯಾಸ್‌ಗಳನ್ನು ಹಂತಹಂತವಾಗಿ ಕಡಿಮೆ ಮಾಡಲು ದೇಶಗಳು ಮಾಡಿಕೊಂಡ 2016ರ ಕಿಗಾಲಿ ಒಪ್ಪಂದದ ನಂತರ ಇವುಗಳ ದಾರಿ ಮುಚ್ಚುತ್ತಲೇ ಇದೆ. ಸಣ್ಣ ಯಂತ್ರಕ್ಕೆ ಪ್ರೊಪೇನ್, ದೊಡ್ಡ ಪ್ಲಾಂಟ್‌ಗೆ ಅಮೋನಿಯಾ ನನ್ನ ಆಯ್ಕೆ. ಒಂದಕ್ಕೆ ಬೆಂಕಿಯ ಭಯ, ಇನ್ನೊಂದು ವಿಷ, ಎರಡಕ್ಕೂ ತರಬೇತಿ ಪಡೆದ ಕೈಗಳೇ ಬೇಕು. ಕಾರ್ಬನ್ ಡೈಆಕ್ಸೈಡನ್ನೇ ಗ್ಯಾಸ್ ಆಗಿ ಬಳಸುವ ಸಿಸ್ಟಮ್‌ಗಳೂ ಚೆನ್ನಾಗಿವೆ, ಆದರೆ 31 ಡಿಗ್ರಿ ದಾಟಿದರೆ ಅದು ದ್ರವ ಆಗುವುದೇ ಇಲ್ಲ, ಸೆಖೆಯ ಜಾಗದಲ್ಲಿ ಪ್ರೆಶರ್ 90 ಬಾರ್ ದಾಟುತ್ತದೆ, ಡಿಸೈನ್ ಕೂಡ ಅದಕ್ಕೆ ತಕ್ಕ ಹಾಗೆ ಇರಬೇಕು. ಕಂಪ್ರೆಸರ್‌ಗಳನ್ನು ಒಂದೇ ದೊಡ್ಡದರ ಬದಲು ಎರಡು ಮೂರು ಸಣ್ಣದಾಗಿ ಹಾಕಿ, ಅದರಲ್ಲಿ ಒಂದಕ್ಕೆ ಡ್ರೈವ್ ಕೊಡುತ್ತೇವೆ. ಸೈಜ್ ಎಷ್ಟು ಅನ್ನುವುದನ್ನು ರಿಪೇರಿಗಳೆಲ್ಲಾ ಮುಗಿದ ಮೇಲೆ ಬಂದ ಹೊಸ ಗ್ರಾಫ್ ನೋಡಿಯೇ ಬರೆಯುತ್ತೇವೆ.