ಈ ದುಡ್ಡು ಯಾರದ್ದು? ಧರ್ಮಗುರುವೊಬ್ಬನ ಲೆಕ್ಕಾಚಾರ

ಪಾದ್ರಿಗಳಿಗೆ ದುಡ್ಡಿನ ಚಿಂತೆ ಎಲ್ಲಿಯದು, ಎಲ್ಲ ಚರ್ಚೇ ನೋಡಿಕೊಳ್ಳುತ್ತದಲ್ಲ ಎನ್ನುವವರು ಬಹಳ. ಹೊಸದಾಗಿ ಗುರುದೀಕ್ಷೆ ಪಡೆದ ಕೆಲವರೂ ಹಾಗೇ ಅಂದುಕೊಂಡಿರುತ್ತಾರೆ. ನಾನು ಧರ್ಮಪ್ರಾಂತ್ಯಕ್ಕೆ, ಅಂದರೆ ಒಬ್ಬ ಬಿಷಪರ ಆಡಳಿತದ ಪ್ರದೇಶಕ್ಕೆ, ಸೇರಿದ ಕಥೋಲಿಕ ಗುರು. ಸನ್ಯಾಸ ಸಭೆಗಳವರು ತೊಡುವ ಬಡತನದ ವ್ರತ ನಮಗಿಲ್ಲ. ಬ್ರಹ್ಮಚರ್ಯಕ್ಕೂ ಬಿಷಪರ ವಿಧೇಯತೆಗೂ ಮಾತು ಕೊಟ್ಟಿರುತ್ತೇವೆ. ಹಾಗಾಗಿ ನಮ್ಮ ಹೆಸರಿನಲ್ಲಿ ಬ್ಯಾಂಕ್ ಖಾತೆ ಇರಬಹುದು, ಹೆತ್ತವರ ಆಸ್ತಿಯ ಪಾಲು ಇರಬಹುದು. ನಮ್ಮ ಧರ್ಮಸಭೆಯ ಕಾನೂನು ಪುಸ್ತಕವಾದ 1983ರ ಕ್ಯಾನನ್ ಕಾನೂನು ಸಂಹಿತೆಯ 281ನೇ ವಿಧಿ ಗುರುವಿಗೆ ತಕ್ಕ ಸಂಭಾವನೆ ಸಿಗಬೇಕು, ಕಾಯಿಲೆಯಲ್ಲೂ ಮುಪ್ಪಿನಲ್ಲೂ ನೆರವು ಸಿಗಬೇಕು ಎನ್ನುತ್ತದೆ. ಅದರ ಬೆನ್ನಿಗೇ ಬರುವ 282ನೇ ವಿಧಿ, ಸರಳವಾಗಿ ಬಾಳಿರಿ, ಸೇವೆಯಿಂದ ಬಂದದ್ದರಲ್ಲಿ ಮಿಕ್ಕಿದ್ದನ್ನು ಧರ್ಮಸಭೆಯ ಒಳಿತಿಗೂ ದಾನಧರ್ಮಕ್ಕೂ ಬಳಸಲು ಮನಸ್ಸು ಮಾಡಿರಿ ಎನ್ನುತ್ತದೆ. ಈ ಎರಡರ ನಡುವೆ ನಮ್ಮ ಹಣಕಾಸು ನಡೆಯಬೇಕು.

ಬೇರೆಯವರು ತಿಂಗಳ ಕೊನೆಗೆ ಎಷ್ಟು ಬಂತು, ಎಷ್ಟು ಹೋಯಿತು ಎಂದು ನೋಡುತ್ತಾರೆ. ನಾವು ಅದಕ್ಕೂ ಮೊದಲು ಬಂದದ್ದು ಯಾರದ್ದು ಎಂದು ನೋಡಬೇಕು. ಒಂದೇ ಭಾನುವಾರ ನನ್ನ ಕೈಗೆ, ತಮ್ಮ ಉದ್ದೇಶಕ್ಕೆ ಬಲಿಪೂಜೆ ಅರ್ಪಿಸಿ ಎಂದು ಭಕ್ತರು ಕೊಡುವ ಪೂಜೆಯ ಕಾಣಿಕೆ ಬರುತ್ತದೆ, ಚಾವಣಿ ರಿಪೇರಿಗೆಂದು ಯಾರೋ ಕೊಟ್ಟದ್ದು ಬರುತ್ತದೆ, ಬಡವರಿಗೆ ಕೊಡಿ ಎಂದದ್ದು ಬರುತ್ತದೆ, ಮನೆ ಆಶೀರ್ವದಿಸಿದ್ದಕ್ಕೆ ಪ್ರೀತಿಯಿಂದ ಕೊಟ್ಟದ್ದೂ ಬರುತ್ತದೆ. ಜೇಬಿಗೆ ಬಿದ್ದ ಮೇಲೆ ಯಾವ ನೋಟಿಗೂ ಗುರುತಿರುವುದಿಲ್ಲ. ಕಾನೂನು ಇಲ್ಲಿ ಸ್ಪಷ್ಟವಾಗಿದೆ. 1267ನೇ ವಿಧಿಯ ಪ್ರಕಾರ, ಚರ್ಚಿನ ಸಂಸ್ಥೆಯ ಮೇಲ್ವಿಚಾರಕರ ಕೈಗೆ ಕೊಟ್ಟದ್ದು ಬೇರೆ ರೀತಿ ಸಾಬೀತಾಗುವ ತನಕ ಸಂಸ್ಥೆಗೇ ಕೊಟ್ಟದ್ದು. 531ನೇ ವಿಧಿಯ ಪ್ರಕಾರ ಧರ್ಮಕೇಂದ್ರದ, ಅಂದರೆ ಒಂದು ಚರ್ಚು ಮತ್ತು ಅದರ ಭಕ್ತ ಸಮುದಾಯದ, ಸೇವೆಗಳಿಗೆ ಬಂದ ಕಾಣಿಕೆ ಧರ್ಮಕೇಂದ್ರದ ನಿಧಿಗೆ ಸೇರಬೇಕು. ಸ್ವಇಚ್ಛೆಯಿಂದ ಕೊಟ್ಟವರ ಮನಸ್ಸು ಬೇರೆಯೇ ಇತ್ತೆಂದು ಗೊತ್ತಾದರೆ ಮಾತ್ರ ಹೊರತು.

ಆ ಮನಸ್ಸು ತಿಳಿಯಲು ನಾನು ಬಾಯಿಬಿಟ್ಟು ಕೇಳುತ್ತೇನೆ. ಸಮಾಧಿ ಕಾರ್ಯ ಮುಗಿದು ಜನ ಚದುರುವಾಗ ಹಿರಿಯ ಮಗ ಬಂದು, "ಫಾದರ್, ಇದು ಇಟ್ಕೊಳ್ಳಿ" ಎಂದು ಕೈಯಲ್ಲಿ ಕವರ್ ಒತ್ತುತ್ತಾನೆ. "ಇದು ಅಪ್ಪನ ಪೂಜೆಗಾ, ಚರ್ಚಿಗಾ, ನನಗಾ? ಪುಸ್ತಕದಲ್ಲಿ ಬರೀಬೇಕಪ್ಪಾ" ಅನ್ನುತ್ತೇನೆ. ಒಂದು ಗಳಿಗೆ ಮುಜುಗರವಾಗುತ್ತದೆ, ನಿಜ. ಆದರೆ "ಒಂದು ಪೂಜೆಗೆ ಇರಲಿ ಫಾದರ್, ಮಿಕ್ಕಿದ್ದು ಕಷ್ಟದಲ್ಲಿರೋರಿಗೆ ಕೊಡಿ" ಎಂಬ ಉತ್ತರ ಕೇಳದಿದ್ದರೆ ನನಗೆ ಎಂದಿಗೂ ಸಿಗುತ್ತಿರಲಿಲ್ಲ. ಅಲ್ಲೇ ನಿಂತು ಕವರಿನ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಹೆಸರು, ತಾರೀಖು, ಜೊತೆಗೆ ಒಂದು ಅಕ್ಷರ ಬರೆದುಕೊಳ್ಳುತ್ತೇನೆ: ಪೂಜೆಗೆ 'ಪೂ', ಚರ್ಚಿಗೆ 'ಚ', ಬಡವರಿಗೆ 'ಬ', ನನಗೆ 'ನಾ'. ಅಕ್ಷರವಿಲ್ಲದ ಕವರು ಚರ್ಚಿನದು. ಕವರು ತೆರೆಯುವುದು ಸಂಜೆ, ಮೇಜಿನ ಮುಂದೆ, ಪುಸ್ತಕ ಬಿಚ್ಚಿಟ್ಟುಕೊಂಡೇ.

ಇವುಗಳಲ್ಲಿ ಪೂಜೆ ಕಾಣಿಕೆಯ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಎಚ್ಚರ. ಮೊತ್ತ ಚಿಕ್ಕದಾದರೂ ಅದರ ಹಿಂದೆ ಒಬ್ಬ ತಾಯಿಯ, ಒಬ್ಬ ವಿಧವೆಯ ಪ್ರಾರ್ಥನೆ ಇದೆ. ಪ್ರತ್ಯೇಕ ಉದ್ದೇಶಕ್ಕೆ ಪಡೆದ ಪ್ರತಿ ಕಾಣಿಕೆಗೂ, ಅದೆಷ್ಟೇ ಕಡಿಮೆ ಇರಲಿ, ಪ್ರತ್ಯೇಕ ಪೂಜೆ ಅರ್ಪಿಸಬೇಕು. ವರ್ಷದೊಳಗೆ ತಾನೇ ಅರ್ಪಿಸಲಾಗದಷ್ಟು ಪೂಜೆಗಳಿಗೆ ಕಾಣಿಕೆ ತೆಗೆದುಕೊಳ್ಳುವಂತಿಲ್ಲ. ಒಂದೇ ದಿನ ಎರಡು ಮೂರು ಪೂಜೆ ಅರ್ಪಿಸಿದರೂ ಒಂದರ ಕಾಣಿಕೆ ಮಾತ್ರ ನನ್ನದು. ಕ್ರಿಸ್ಮಸ್ ಹೊರತಾಗಿ ಉಳಿದದ್ದು ಬಿಷಪರು ಗೊತ್ತುಮಾಡಿದ ಕೆಲಸಕ್ಕೆ ಹೋಗುತ್ತದೆ. ಕಾಣಿಕೆ ಕೊಡಲಾಗದವರ ಉದ್ದೇಶಕ್ಕೂ ಪೂಜೆ ಅರ್ಪಿಸಿ ಎಂದು 945ನೇ ವಿಧಿ ಒತ್ತಿ ಹೇಳುತ್ತದೆ. ನನ್ನ ಪುಸ್ತಕದಲ್ಲಿ ಅಂಥವರ ಹೆಸರಿನ ಮುಂದೆ ಸೊನ್ನೆ ಇರುತ್ತದೆ, ಸರದಿ ಮಾತ್ರ ಎಲ್ಲರಂತೆಯೇ.

ಇದರಿಂದ ನಾನು ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಕೈಗೆ ಬಂದ ಪೂಜೆ ಕಾಣಿಕೆ ಆಗಲೇ ನನ್ನ ಆದಾಯವಾಗುವುದಿಲ್ಲ. ಅದು ಮುಂಗಡ. ಕಪಾಟಿನಲ್ಲಿ ಅದಕ್ಕೇ ಒಂದು ಪೆಟ್ಟಿಗೆ ಇದೆ. ಪೂಜೆ ಅರ್ಪಿಸಿ, ಪುಸ್ತಕದಲ್ಲಿ ಆ ಹೆಸರಿನ ಮುಂದೆ ಗುರುತು ಹಾಕಿದ ಮೇಲೆ, ಅದರ ಹಣ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ: ನನಗೆ ಸಲ್ಲುವಷ್ಟು ಮಾತ್ರ ನನಗೆ, ಉಳಿದದ್ದು ಬಿಷಪರು ಗೊತ್ತುಮಾಡಿದ ಕೆಲಸಕ್ಕೆ. ಪೆಟ್ಟಿಗೆಯ ಹಣವೂ ಗುರುತಿಲ್ಲದ ಹೆಸರುಗಳ ಮೊತ್ತವೂ ಯಾವ ದಿನ ನೋಡಿದರೂ ತಾಳೆಯಾಗಬೇಕು.

ಧರ್ಮಕೇಂದ್ರದ ಖಾತೆಗೂ ನನ್ನ ಖಾತೆಗೂ ಸಂಬಂಧವೇ ಇಲ್ಲ. ಅಲ್ಲಿ ಇಬ್ಬರ ಸಹಿ ಬೇಕು, ಕಾಣಿಕೆ ಎಣಿಸುವಾಗ ಇಬ್ಬರಾದರೂ ಕೂರಬೇಕು. ಸಂತ ಪೌಲನೂ ಜೆರುಸಲೇಮಿನ ಬಡವರಿಗೆ ಸಂಗ್ರಹಿಸಿದ ಹಣವನ್ನು ಒಬ್ಬನೇ ಹೊತ್ತೊಯ್ಯಲಿಲ್ಲ. ಯಾರೂ ಬೆರಳು ತೋರಿಸಬಾರದೆಂದು ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡ. ಮೊಬೈಲ್‌ನಲ್ಲಿ ಹಣ ಕಳಿಸುವ ಈ ಕಾಲದಲ್ಲಿ ಅದು ಇನ್ನೂ ಮುಖ್ಯ. ಚರ್ಚಿನ ಬಾಗಿಲಲ್ಲಿ ಅಂಟಿಸುವ ಕ್ಯೂಆರ್ ಕೋಡ್ ಚರ್ಚಿನ ಖಾತೆಯದ್ದೇ ಆಗಿರಬೇಕು. "ಸದ್ಯಕ್ಕೆ ನಿಮ್ಮ ನಂಬರಿಗೇ ಹಾಕ್ತೀವಿ ಫಾದರ್" ಎಂದರೆ ನಾನು ಬೇಡ ಎನ್ನುತ್ತೇನೆ. ವರ್ಷದ ಕೊನೆಗೆ ಅದನ್ನು ಬಿಡಿಸಿ ತೋರಿಸುವುದು ಯಾರಿಂದಲೂ ಆಗದ ಮಾತು. ತೆರಿಗೆಗೆ ಸ್ವಂತಕ್ಕೆ ಬಂದದ್ದನ್ನೆಲ್ಲ ಲೆಕ್ಕ ಪರಿಶೋಧಕರ ಮುಂದಿಟ್ಟು ಅವರು ಹೇಳಿದಂತೆ ಕಟ್ಟುತ್ತೇನೆ.

ಕಷ್ಟವಾಗುವುದು ಸಾಲ ಕೇಳಿ ಬರುವವರ ಮುಂದೆ. "ನಿಮ್ಮದೊಂದು ಸಹಿ ಸಾಕು ಫಾದರ್, ಬ್ಯಾಂಕಿನವರು ಕೊಡ್ತಾರೆ" ಎಂದು ನಾನೇ ಮದುವೆ ಮಾಡಿಸಿದ ಹುಡುಗ ಬಂದು ನಿಲ್ಲುತ್ತಾನೆ. 285ನೇ ವಿಧಿಯಂತೆ, ಬಿಷಪರನ್ನು ಕೇಳದೆ ಗುರು ತನ್ನ ಸ್ವಂತ ಆಸ್ತಿಯ ಮೇಲೂ ಜಾಮೀನು ನಿಲ್ಲುವಂತಿಲ್ಲ. ಆ ನಿಯಮವನ್ನು ಅವನಿಗೆ ಓದಿ ಹೇಳುತ್ತೇನೆ. ಆದರೆ ಬರಿಗೈಲಿ ಕಳಿಸುವುದಿಲ್ಲ. ಸಂಬಳ ಬಂದ ದಿನವೇ ಒಂದು ಭಾಗ ದಾನಕ್ಕೆಂದು ಎತ್ತಿಟ್ಟಿರುತ್ತೇನೆ, ಅದರಿಂದ ಕೊಡುತ್ತೇನೆ. ಕೊಟ್ಟದ್ದು ಕೊಟ್ಟಂತೆಯೇ, ತೀರಿಸಬೇಕಾದ ಸಾಲವಾಗಿ ಕೊಡುವುದಿಲ್ಲ. ಇದರಲ್ಲಿ ನನಗೆ ಗಟ್ಟಿ ನಂಬಿಕೆ ಇದೆ. ನನ್ನಿಂದ ಸಾಲ ಪಡೆದವನು ಮುಖ ತಪ್ಪಿಸುತ್ತಾನೆ, ಪಾಪನಿವೇದನೆಗೂ ಬರುವುದಿಲ್ಲ. ಹಣ ಹೋದರೆ ಹೋಗಲಿ, ಒಂದು ಆತ್ಮ ಬಾಗಿಲಾಚೆ ಉಳಿಯಬಾರದು. ಒಡಹುಟ್ಟಿದವರಿಗೂ ಇದೇ ಅಳತೆ: ಅವರಿಗೆ ಕೊಡುವುದು ನನ್ನ ಸಂಬಳದಿಂದ, ಪುಸ್ತಕದಲ್ಲಿ ಬರೆದು.

ಉಳಿತಾಯವನ್ನು ಅಪನಂಬಿಕೆ ಎಂದು ಕಾಣುವ ಗುರುಗಳಿದ್ದಾರೆ. ನಾನು ಒಪ್ಪುವುದಿಲ್ಲ. ನಾವಿರುವ ಮನೆ ನಮ್ಮದಲ್ಲ, ವರ್ಗಾವಣೆಯ ಪತ್ರ ಬಂದರೆ ಪೆಟ್ಟಿಗೆ ಕಟ್ಟಬೇಕು. 75 ತುಂಬಿದ ಧರ್ಮಕೇಂದ್ರದ ಗುರು ರಾಜೀನಾಮೆ ಸಲ್ಲಿಸುವಂತೆ 538ನೇ ವಿಧಿ ಕೇಳುತ್ತದೆ; ಅಂಥವರ ವಸತಿ ಮತ್ತು ಜೀವನೋಪಾಯದ ಹೊಣೆಯನ್ನು ಬಿಷಪರ ಮೇಲಿಡುತ್ತದೆ. ಆದರೆ ಕಾಯಿಲೆ 75ರ ತನಕ ಕಾಯುವುದಿಲ್ಲ, ಆಗ ಆಸ್ಪತ್ರೆಯ ಬಿಲ್ಲು ಧರ್ಮಕೇಂದ್ರದ ಬಡ ಕುಟುಂಬಗಳ ಮೇಲೆ ಬೀಳುವುದು ನನಗಿಷ್ಟವಿಲ್ಲ. ಆದ್ದರಿಂದ ಮೊದಲು ಆರೋಗ್ಯ ವಿಮೆ, ಆಮೇಲೆ ಕೆಲವು ತಿಂಗಳ ಖರ್ಚಿಗಾಗುವಷ್ಟು ತುರ್ತು ಹಣ, ಆಮೇಲೆ ಮುಪ್ಪಿಗೆ ಠೇವಣಿ. ವ್ಯಾಪಾರ ವಹಿವಾಟು ನಮಗೆ ನಿಷಿದ್ಧ, ಬೇರೆಯವರ ಮೂಲಕ ನಡೆಸುವುದೂ ನಿಷಿದ್ಧ. ಬೆಳಗ್ಗೆ ಪೂಜಾವಸ್ತ್ರ ಕಳಚಿದೊಡನೆ ಷೇರು ದರ ನೋಡುವ ಚಟ ಗುರುವಿಗೆ ಸಲ್ಲದು.

ಇನ್ನು ಉಯಿಲು. ಹೆಂಡತಿ ಮಕ್ಕಳಿಲ್ಲದ ನಮಗೆ ಅದೇಕೆ ಎನ್ನುತ್ತಾರೆ. ಆ ಕಾರಣಕ್ಕೇ ಬೇಕು. ಗುರು ಹಠಾತ್ತನೆ ತೀರಿಕೊಂಡರೆ ಅವನ ಕಪಾಟಿನ ಹಣಕ್ಕೆ ಒಂದು ಕಡೆ ಬಂಧುಗಳು, ಇನ್ನೊಂದು ಕಡೆ ಧರ್ಮಕೇಂದ್ರದವರು ನಿಲ್ಲಬೇಕಾಗುತ್ತದೆ. ಇಬ್ಬರಿಗೂ ಸತ್ಯ ಗೊತ್ತಿರುವುದಿಲ್ಲ. ನನ್ನ ಉಯಿಲಿನ ಒಂದು ಪ್ರತಿ ಬಿಷಪರ ಕಚೇರಿಯಲ್ಲಿದೆ. ಅದಕ್ಕೆ ಲಗತ್ತಿಸಿದ ಹಾಳೆಯಲ್ಲಿ ನನ್ನ ಖಾತೆ, ವಿಮೆ, ಠೇವಣಿಗಳ ವಿವರ, ಪೂಜೆ ಪೆಟ್ಟಿಗೆಯ ಹಣ ನನ್ನದಲ್ಲವೆಂಬ ಮಾತು, ಯಾವ ಪುಸ್ತಕ ಎಲ್ಲಿದೆ ಎಂಬುದೂ ಇದೆ. ವಾರ್ಷಿಕ ತಪೋಧ್ಯಾನಕ್ಕೆ ಹೋಗುವ ಮುನ್ನ ಆ ಹಾಳೆಯನ್ನು ತಿದ್ದುತ್ತೇನೆ. ಕಿರಿಯ ಗುರುಗಳೇ, ಇದಕ್ಕೆ ವಯಸ್ಸಾಗಲೆಂದು ಕಾಯಬೇಡಿ. ದೀಕ್ಷೆಯಾದ ವರ್ಷವೇ ಬರೆದಿಡಿ, ವರ್ಗಾವಣೆಯಾದಾಗಲೆಲ್ಲ ಹೊಸ ವಿಳಾಸ, ಹೊಸ ಖಾತೆ ಸೇರಿಸಿ, ಸಾಕ್ಷಿಗಳ ಸಹಿ ಮರೆಯಬೇಡಿ.