ಕಾರಿನೊಳಗಿನ ಬೀಟಿ ಮರಕ್ಕೆ ಯಾವ ಪಾಲಿಶ್?

ಅಜ್ಜನ ಕಾಲದ ಬೀಟಿ (ರೋಸ್‌ವುಡ್) ಮಂಚದ ಹಲಗೆ ಬಿಚ್ಚಿ ನನ್ನ ಹಳೆ ಜೀಪಿಗೆ ಡ್ಯಾಶ್‌ಬೋರ್ಡ್ ಮಾಡಿಸಿದ್ದೆ. ಆಚಾರಿ ಚಂದ ಮಾಡಿಕೊಟ್ಟಿದ್ದರು. ಅದರ ಮೇಲೆ ನಾನು ಅಂಗಡಿಯಲ್ಲಿ ಸಿಕ್ಕಿದ ವಾರ್ನಿಶ್ ಬಳಿದೆ. ಹತ್ತು ದಿನವಾದರೂ ಒಣಗಲಿಲ್ಲ! ಬೆರಳಿಟ್ಟರೆ ಹಲಸಿನ ಮೇಣದ ಹಾಗೆ ಅಂಟುತ್ತಿತ್ತು, ಬದಿಯಡ್ಕದಿಂದ ಕುಂಬಳೆಗೆ ಒಂದು ಸಲ ಹೋಗಿ ಬರುವಷ್ಟರಲ್ಲಿ ದಾರಿಯ ಕೆಂಪು ಧೂಳೆಲ್ಲ ಅದರ ಮೇಲೆ ಕೂತಿತ್ತು. ಕೊನೆಗೆ ಪೂರ್ತಿ ಕೆರೆದು ತೆಗೆಯಬೇಕಾಯಿತು.

ವಾರ್ನಿಶ್ ಕೆಟ್ಟದ್ದಾಗಿರಲಿಲ್ಲ. ಬೀಟಿಯ ಒಳಗೇ ಒಂದು ಥರದ ಎಣ್ಣೆ, ಅಂಟು ಇರುತ್ತದೆ. ವಾರ್ನಿಶ್ ಗಾಳಿ ಹಿಡಿದು ಗಟ್ಟಿಯಾಗುವುದನ್ನು ಅದು ತಡೆಯುತ್ತದೆ. ಸಾಗುವಾನಿಯಲ್ಲೂ ಎಣ್ಣೆ ಇದೆ, ಹೊರದೇಶದ ಕೊಕೊಬೊಲೊ ಕೂಡ ಬೀಟಿಯ ಜಾತಿಯದ್ದೇ, ಅದರಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಮೊದಲು ಮರ ಯಾವುದು ಅಂತ ನೋಡಿ, ಆಮೇಲೆ ಡಬ್ಬಿ ತನ್ನಿ.

ಪರೀಕ್ಷೆ ಸುಲಭ. ಮರವನ್ನು 180, 240, 320 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿ. ಬೀಟಿಯಾದರೆ ಬಟ್ಟೆ ಪುನರ್ಪುಳಿ ಜ್ಯೂಸ್ ಚೆಲ್ಲಿದ ಹಾಗೆ ನೇರಳೆ ಕೆಂಪಾಗುತ್ತದೆ. ಬಟ್ಟೆ ಬದಲಿಸಿ ಮತ್ತೆ ಒರೆಸಿ, ಬಣ್ಣ ತೆಳುವಾಗುವ ತನಕ. ಪೂರ್ತಿ ಬಿಳಿ ಆಗಲಿ ಅಂತ ಕಾಯಬೇಡಿ, ಅದು ಆಗುವುದೇ ಇಲ್ಲ. ಒರೆಸಿದ್ದು ಒಣಗಿದ ಕೂಡಲೇ ಮೊದಲ ಕೋಟ್ ಹಾಕಬೇಕು, ಮರುದಿನಕ್ಕೆ ಬಿಟ್ಟರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ನೈಲ್ ಪಾಲಿಶ್ ರಿಮೂವರ್ ಸಾಕಲ್ವಾ ಅಂತ ಕೇಳಬೇಡಿ, ಅದರಲ್ಲಿ ಸೆಂಟು, ಎಣ್ಣೆ ಎಲ್ಲ ಬೆರೆತಿರುತ್ತದೆ. ಪೇಂಟ್ ಅಂಗಡಿಯ ಅಸಿಟೋನ್ ತನ್ನಿ, ಬೆಂಕಿಯಿಂದ ದೂರ ಇಡಿ.

ಎರಡನೆಯ ವಿಷಯ ಬಿಸಿ. ಏಪ್ರಿಲ್ ಬಿಸಿಲಲ್ಲಿ ಬೇಕಲ ಕೋಟೆಯ ಹೊರಗೆ ಗಾಜು ಮುಚ್ಚಿ ಕಾರು ನಿಲ್ಲಿಸಿ ಒಂದು ಸುತ್ತು ಹೋಗಿ ಬನ್ನಿ. ಡ್ಯಾಶ್‌ಬೋರ್ಡ್ ಕೈ ಇಡಲಿಕ್ಕಾಗದಷ್ಟು ಕಾದಿರುತ್ತದೆ, 70 ಡಿಗ್ರಿ ದಾಟುವುದೂ ಉಂಟು. ಅರಗಿನ ಫ್ರೆಂಚ್ ಪಾಲಿಶ್ ಸುಮಾರು ಅಷ್ಟಕ್ಕೇ ಮೆತ್ತಗಾಗುತ್ತದೆ. ಮನೆಯ ಕಪಾಟಿಗೆ ಅದು ಎಷ್ಟು ಚಂದವೋ ಕಾರಿಗೆ ಅಷ್ಟೇ ಕಷ್ಟ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಬಿಸಿಲಿಗೆ ಹಳದಿಯಾಗಿ ಬಿರುಕು ಬಿಡುತ್ತದೆ. ಗಾಜಿನ ಹಾಗೆ ಕಾಣುತ್ತದೆ ಅಂತ ಎಪಾಕ್ಸಿ ಎಂಬ ರಾಳ ಸುರಿಯುವವರಿದ್ದಾರೆ, ಆದರೆ ಮಾಮೂಲಿ ಎಪಾಕ್ಸಿ ಬಿಸಿಲಿಗೆ ಹಳದಿ ತಿರುಗುತ್ತದೆ, ಬಿಸಿಗೆ ಮೆತ್ತಗೂ ಆಗುತ್ತದೆ.

ನನ್ನ ಮಟ್ಟಿಗೆ ಡ್ಯಾಶ್‌ಬೋರ್ಡಿಗೆ, ಬಾಗಿಲ ಪಟ್ಟಿಗೆ ಎರಡು ಡಬ್ಬಿಯ ಪಿಯು (ಪಾಲಿಯುರಿಥೇನ್, ಗಟ್ಟಿಯಾಗಲು ಎರಡನೇ ಡಬ್ಬಿಯ ಹಾರ್ಡ್‌ನರ್ ಬೆರೆಸುವಂಥದ್ದು) ಬಿಟ್ಟರೆ ಬೇರೆ ಬೇಡ. ಅಂಗಡಿಯಲ್ಲಿ ಕೇಳುವಾಗ ಹೊರಗಡೆ ಬಳಸುವ, ಹಳದಿಯಾಗದ ಅಕ್ರಿಲಿಕ್ ಪಿಯು, ಯುವಿ (ಬಿಸಿಲಿನ ನೇರಳಾತೀತ ಕಿರಣ) ತಡೆಯುವಂಥದ್ದು ಅಂತ ಬಿಡಿಸಿ ಹೇಳಿ, ಸುಮ್ನೆ ಪಿಯು ಅಂದರೆ ಮನೆಯೊಳಗಿನ ಫರ್ನಿಚರ್‌ಗೆ ಹಾಕುವುದನ್ನೇ ಕೊಟ್ಟುಬಿಡಬಹುದು. ಯುವಿ ಮುಖ್ಯ, ಯಾಕೆಂದರೆ ಪಡೌಕ್ ಮರದ ಕಿತ್ತಳೆ ಕೆಂಪು, ಪರ್ಪಲ್‌ಹಾರ್ಟ್ ಮರದ ನೇರಳೆ ಎರಡೂ ಬಿಸಿಲಿಗೆ ಕಂದು ತಿರುಗುತ್ತವೆ. ಒಳ್ಳೆ ಪಿಯು ಅದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಕಾರಿನ ಪೇಂಟರ್ ಹೊಡೆಯುವ 2ಕೆ ಕ್ಲಿಯರ್ (ಇದೂ ಎರಡು ಡಬ್ಬಿಯದ್ದೇ, ಬಣ್ಣವಿಲ್ಲದ್ದು) ಕೂಡ ಆಗುತ್ತದೆ, ಪ್ಲೈ ಮೇಲೆ ಅಂಟಿಸಿದ ವೆನೀರ್‌ಗೆ, ಅಂದರೆ ಮರದ ತೆಳು ಹಾಳೆಗೆ, ಬಹಳ ಒಳ್ಳೆಯದು. ದಪ್ಪ ಹಲಗೆಯಾದರೆ ಅದು ಹಿಗ್ಗಿ ಕುಗ್ಗುತ್ತದೆ, ಆಗ ಸ್ವಲ್ಪ ಬಾಗುವ ಮರದ ಪಿಯುವೇ ವಾಸಿ. ಎಣ್ಣೆ ಮರಕ್ಕೆ ಮೊದಲು ಅದೇ ಕಂಪನಿಯ ಸೀಲರ್ (ಅಡಿಯ ಕೋಟ್) ಹಾಕಿ, ಒಂದು ತುಂಡು ಮರದ ಮೇಲೆ ಮಾಡಿ ನೋಡಿಯೇ ಮುಂದೆ ಹೋಗಿ.

ಪಿಯುವಿನ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಗನ್ನಿನಲ್ಲಿ ಹೊಡೆದಾಗ ಅದು ಉಸಿರಿಗೆ ಹೋದರೆ ಆಸ್ತಮಾ ಹಿಡಿಯಬಹುದು, ಒಮ್ಮೆ ಹಿಡಿದರೆ ಮುಂದೆ ಸ್ವಲ್ಪ ವಾಸನೆಗೂ ಉಸಿರು ಕಟ್ಟುತ್ತದೆ. ಮುಖಕ್ಕೆ ಟವೆಲ್ ಕಟ್ಟಿದರೆ ಏನೂ ಪ್ರಯೋಜನ ಇಲ್ಲ. ಬೇರೆ ಕಡೆಯಿಂದ ಗಾಳಿ ಬರುವ ಮಾಸ್ಕ್, ಸ್ಪ್ರೇ ಬೂತ್ ಇರುವ ಪೇಂಟರ್ ಹತ್ತಿರ ಕೊಟ್ಟು ಹೊಡೆಸಿ. ದಯವಿಟ್ಟು ಮನೆ ಜಗಲಿಯಲ್ಲಿ ಹೊಡೆಯಬೇಡಿ, ಮಕ್ಕಳಿರುತ್ತಾರೆ.

ಎಲ್ಲರೂ ಮರೆಯುವುದು ಹಿಂಬದಿ. ಮುಂದೆ ಐದು ಕೋಟ್ ಹಾಕಿ ಹಿಂದೆ ಹಾಗೇ ಬಿಟ್ಟರೆ, ಮಳೆಗಾಲದಲ್ಲಿ ಹಿಂದಿನಿಂದ ನೀರಂಶ ಹೀರಿ ಹಲಗೆ ಬಾಗುತ್ತದೆ, ಎಸಿ ಹಾಕಿದಾಗ ಒಣಗಿ ಇನ್ನೊಂದು ಕಡೆ ಎಳೆಯುತ್ತದೆ. ಹಿಂಬದಿ, ಅಂಚು, ಸ್ಕ್ರೂ ತೂತಿನ ಒಳಗೂ ಹಾಕಿ. ಏರ್‌ಬ್ಯಾಗ್ ಇರುವ ಜಾಗದ ಮೇಲೆ ಮಾತ್ರ ಮರ ಕೂರಿಸಲೇಬೇಡಿ.

ಕೆಲಸಕ್ಕೆ ಡಿಸೆಂಬರಿನಿಂದ ಫೆಬ್ರವರಿ ಒಳ್ಳೆ ಸಮಯ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಲ್ಯಾಕರ್, ಫ್ರೆಂಚ್ ಪಾಲಿಶ್ ಮಂಜು ಕವಿದ ಹಾಗೆ ಬಿಳಿ ಹಿಡಿಯುತ್ತದೆ. ಪಿಯುವಿನ ಹಾರ್ಡ್‌ನರ್ ನೀರಂಶದ ಜೊತೆ ಸೇರಿ ಗುಳ್ಳೆ ಏಳಿಸುತ್ತದೆ.

ಗೇರ್ ನಾಬಿಗೆ ಇದೆಲ್ಲ ಬೇಡ. ಬೀಟಿಯದ್ದಾದರೆ 2000 ನಂಬರಿನ ತನಕ ಉಜ್ಜಿ, ಕಾರ್ನೌಬಾ ಮೇಣ ತೆಳ್ಳಗೆ ಹಚ್ಚಿ ಹತ್ತಿ ಬಟ್ಟೆಯಲ್ಲಿ ತಿಕ್ಕಿ. ಅದರ ಎಣ್ಣೆಯೇ ಅದಕ್ಕೆ ಹೊಳಪು. ಅಗಸೆ ಎಣ್ಣೆ ಹಚ್ಚಬೇಡಿ, ನಮ್ಮ ಮಳೆಗೆ ಬೂಷ್ಟು ಬರುತ್ತದೆ. ಮೇಣ ಮಾಸಿದರೆ ಮತ್ತೆ ಹಚ್ಚಿದರಾಯಿತು, ಹತ್ತು ನಿಮಿಷದ ಕೆಲಸ.